ಅತ್ತೆಗೆ ಫೈಟಿಂಗು, ಮಾವನಿಗೆ ಲವ್ ಸ್ಟೋರಿ

ಶಿವಮೊಗ್ಗದಲ್ಲಿ ಮಂಡಿ ಆಪರೇಷನ್ ಮಾಡಿಸಿಕೊಂಡು ನಮ್ಮತ್ತೆ ಹೊಸನಗರದ ಮನೆಗೆ ಬಂದಾಗ ಅವರ ಮಂಚವನ್ನು ಹಾಲಿಗೆ ತಂದು ಹಾಕಿದೆವು. ಪಕ್ಕದಲ್ಲೇ ನನ್ನ ಹೊಲಿಗೆ ಮಿಷನ್ನು. ನಾನು ಲೇಡೀಸ್ ಟೈಲರ್, ಇಡೀ ದಿನ ಅಲ್ಲೇ ಕೂತಿರುತ್ತೇನೆ, ನೋಡಿಕೊಳ್ಳಲು ಸುಲಭ ಅಂತ ಒಂದು ಲೆಕ್ಕ. ಹಾಲಿನಲ್ಲಾದರೆ ಓಡಾಡಲು ಜಾಗ ಇರುತ್ತದೆ ಅಂತ ಇನ್ನೊಂದು ಲೆಕ್ಕ. ಜಾಗವೇನೋ ಆಯ್ತು ಮಾರಾಯ್ರೆ, ಓಡಾಡುವವರು ಏಳಬೇಕಲ್ಲ!

ಅತ್ತೆ ಏಳಲಿಲ್ಲ. ಬಚ್ಚಲಿಗೆ ಹೋಗಬೇಕಾದರೆ ವಾಕರ್ ಒಂದು ಕೈಲಿ, ನನ್ನ ಭುಜ ಇನ್ನೊಂದು ಕೈಲಿ, ಕಾಲನ್ನು ದೊಣ್ಣೆಯ ಹಾಗೆ ನೆಟ್ಟಗಿಟ್ಟು ಎಳೆದುಕೊಂಡು ಹೋಗುವುದು, ವಾಪಸ್ ಬಂದು ಧೊಪ್ ಅಂತ ಕೂರುವುದು. ಅಷ್ಟೇ. ಅರಳಸುರಳಿಯ ತಮ್ಮ ತವರಿಗೆ ಹೋದರೆ ಗದ್ದೆಯ ಅಂಚಿನ ಮೇಲೆ ನನಗಿಂತ ಮುಂದೆ ನಡೆದು, "ಎಂತ ಆಮೆ ಥರ ಬರ್ತೀಯೇ" ಅಂತ ತಿರುಗಿ ನೋಡಿ ಬೈಯುತ್ತಿದ್ದ ಹೆಂಗಸು ಇವರೇನಾ ಅನ್ನಿಸುತ್ತಿತ್ತು.

ವ್ಯಾಯಾಮ ಮಾಡಿಸಲು ತೀರ್ಥಹಳ್ಳಿಯಿಂದ ಒಬ್ಬ ಹುಡುಗ ಬೈಕಿನಲ್ಲಿ ಬರುತ್ತಿದ್ದ. ಫಿಸಿಯೋಥೆರಪಿ ಓದಿದವನು. ಶರ್ಟಿನ ತೋಳು ಹರಿಯುವಷ್ಟು ದಪ್ಪ ತೋಳು. ಮಾತು ಮಾತ್ರ ಬೆಣ್ಣೆ. "ಅಜ್ಜಿ, ಸ್ವಲ್ಪ ಬಗ್ಸಿ ಅಜ್ಜಿ" ಅಂತ ಗೋಗರೆಯುತ್ತಿದ್ದ. ಅತ್ತೆ ಅವನನ್ನು ಕೆಕ್ಕರಿಸಿ ನೋಡಿ, "ಒಳಗೆ ಕಬ್ಬಿಣ ಇಟ್ಟಿದಾರೆ ಕಣೋ. ಜಾರಿ ಬಿದ್ರೆ ನೀನ್ ಬಂದು ಜೋಡಿಸ್ತೀಯಾ?" ಅನ್ನುತ್ತಿದ್ದರು. ಒಂದು ದಿನ ಹೊರಡುವಾಗ ಆ ಹುಡುಗ ನನ್ನನ್ನು ಬಾಗಿಲ ಹತ್ತಿರ ಕರೆದ. "ಅಕ್ಕಾ, ಸುಳ್ಳು ಹೇಳಲ್ಲ. ಈಗ ನಡೀದೇ ಹೋದ್ರೆ ಮಂಡಿ ಗಟ್ಟಿಯಾಗಿ ಕೂತ್ಬಿಡ್ತದೆ. ಆಮೇಲೆ ಯಾರ್ ಬಂದ್ರೂ ಏನೂ ಮಾಡಕ್ಕಾಗಲ್ಲ" ಅಂದ.

ಇಂಥ ಹೊತ್ತಲ್ಲಿ ನಮ್ಮನೆಗೆ ಬಂದಿದ್ದು ಜಪಾನು. ನನ್ನ ಮಗಳು ಸಾಗರದಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಾಳೆ. ಓದುತ್ತಾಳೆ ಅಂತ ಫೀಸು ಕಟ್ಟುವವರು ನಾವು, ಅವಳು ಓದುವುದು ಮಾಂಗಾ. ಜಪಾನಿನವರ ಚಿತ್ರಕಥೆ ಪುಸ್ತಕ, ಕಪ್ಪುಬಿಳುಪು ಚಿತ್ರ, ಇಟ್ಟಿಗೆಯಷ್ಟು ದಪ್ಪ, ಮಾತೆಲ್ಲ ಇಂಗ್ಲಿಷು. ರಜೆಗೆ ಬಂದವಳು ಒಂದು ಚೀಲ ತುಂಬ ಅದನ್ನು ತಂದು, "ಹಾಸ್ಟೆಲಲ್ಲಿ ಇಟ್ಕೊಂಡ್ರೆ ವಾರ್ಡನ್ ಕಿತ್ಕೋತಾರಮ್ಮ" ಅಂತ ನನ್ನ ಬಟ್ಟೆ ಕಪಾಟಿನಲ್ಲಿ ತುರುಕಿದಳು.

"ಇದು ಹುಡುಗ್ರಿಗೆ ಅಂತ ಮಾಡೋದು, ಇದು ಹುಡುಗೀರಿಗೆ. ಇದು ದೊಡ್ಡ ಗಂಡಸ್ರಿಗೆ, ಇದು ದೊಡ್ಡ ಹೆಂಗಸ್ರಿಗೆ" ಅಂತ ನನಗೆ ಪಾಠ ಬೇರೆ.

"ಬಸ್ಸಲ್ಲಿ ಮುಂದೆ ಲೇಡೀಸು, ಹಿಂದೆ ಜೆಂಟ್ಸು ಅಂತ ಇರ್ತದಲ್ಲ, ಹಂಗಾ? ಮತ್ತೆ ನೀನು ಎಲ್ಲಿ ಕೂರೋದು?"

"ನಾನು ಎಲ್ಲಾ ಕಡೆನೂ ಕೂರ್ತೀನಿ" ಅಂದಳು, ಕತ್ತೆ.

ನಾನು ದೊಡ್ಡ ಹೆಂಗಸಲ್ಲವಾ, ನನ್ನ ಪಾಲಿನದು ಏನಿದೆ ನೋಡೋಣ ಅಂತ ಒಂದು ತೆಗೆದೆ. ಆಫೀಸಿನಿಂದ ಬಂದ ಹೆಂಗಸು ಪಾತ್ರೆ ತೊಳೆಯುತ್ತಾಳೆ, ಕಿಟಕಿಯಾಚೆ ನೋಡುತ್ತಾಳೆ, ನಿಟ್ಟುಸಿರು ಬಿಡುತ್ತಾಳೆ. ಪುಟ ತಿರುಗಿಸಿದರೆ ಮತ್ತೆ ಪಾತ್ರೆ. ಇದನ್ನು ಪುಸ್ತಕದಲ್ಲಿ ಬೇರೆ ನೋಡಬೇಕಾ! ಅದೂ ಅವಳ ಸಿಂಕಿನಲ್ಲಿ ಇದ್ದಿದ್ದು ಒಂದು ತಟ್ಟೆ, ಒಂದು ಲೋಟ. ಅಷ್ಟಕ್ಕೇ ನಿಟ್ಟುಸಿರು ಬಿಟ್ಟರೆ ನಮ್ಮನೆಯಲ್ಲಿ ನಾನು ಪ್ರಾಣವನ್ನೇ ಬಿಡಬೇಕಾಗುತ್ತದೆ. ಮುಚ್ಚಿಟ್ಟೆ.

ಮಗಳು ಸಾಗರಕ್ಕೆ ವಾಪಸ್ ಹೋದ ಮೇಲೆ ನನ್ನ ಗಂಡನಿಗೆ ಒಂದು ಐಡಿಯಾ ಹೊಳೆಯಿತು. "ಅಮ್ಮ ಪಾಪ ಬೋರಾಗಿ ಕೂತಿರ್ತಾಳೆ. ಚಿತ್ರ ಆದ್ರೂ ನೋಡ್ಲಿ. ಅಮ್ಮಂಗೆ ಲವ್ ಸ್ಟೋರಿ, ಅಪ್ಪಂಗೆ ಫೈಟಿಂಗು" ಅಂತ ಮೆಡಿಕಲ್ ಶಾಪಿನವನು ಮಾತ್ರೆ ಕೊಟ್ಟ ಹಾಗೆ ಹಂಚಿ, ತಮ್ಮ ಅಂಗಡಿಗೆ ಹೋದರು. ಹೂವಿರುವ ಗುಲಾಬಿ ರಟ್ಟು ಅತ್ತೆಗೆ, ಕತ್ತಿ ಹಿಡಿದ ಹುಡುಗನ ರಟ್ಟು ಮಾವನಿಗೆ.

ಅತ್ತೆ ಹೂವಿನ ಪುಸ್ತಕವನ್ನು ಸ್ವಲ್ಪ ಹೊತ್ತು ತಿರುವಿ ಹಾಕಿದರು. "ಎಂತದೇ ಇದು? ಇಷ್ಟಿಷ್ಟಗಲ ಕಣ್ಣು ಬಿಟ್ಕೊಂಡು ಒಬ್ಬರನ್ನೊಬ್ಬರು ನೋಡ್ತಾ ನಿಂತವೆ. ಮೇಲಿಂದ ಹೂ ಬೇರೆ ಉದುರ್ತದೆ. ಗುಡಿಸೋರ್ ಯಾರು? ಇಷ್ಟು ದಪ್ಪ ಪುಸ್ತಕಕ್ಕೆ ಒಂದ್ ಹೊಡೆದಾಟ ಬೇಡ್ವಾ?" ಅಂತ ಅತ್ತ ಎಸೆದು, ಕೈ ಚಾಚಿ ಮಾವನ ಕತ್ತಿ ಹುಡುಗನನ್ನು ಎಳೆದುಕೊಂಡರು. ಅವನು ಬೆಟ್ಟವೊಂದನ್ನು ಎರಡು ಹೋಳು ಮಾಡುತ್ತಿದ್ದ. "ಹಾಂ, ಇವನು ಕೆಲಸದೋನು" ಅಂದರು.

ನಮ್ಮ ಮಾವ ಪ್ರೈವೇಟ್ ಬಸ್ಸಿನ ಡ್ರೈವರ್ ಆಗಿದ್ದವರು. ಸಾಗರ, ಹೊಸನಗರ, ತೀರ್ಥಹಳ್ಳಿ, ಮತ್ತೆ ವಾಪಸ್, ಇದೇ ಅವರ ಜೀವಮಾನದ ರೂಟು. ಡ್ರೈವರ್ ಜೊತೆ ಮಾತನಾಡಬೇಡಿ ಅಂತ ಬಸ್ಸಿನಲ್ಲಿ ಬರೆದಿರುತ್ತದಲ್ಲ, ಅದನ್ನು ಅವರು ಮನೆಗೂ ತಂದುಕೊಂಡಿದ್ದರು. ಹೆಂಡತಿ ಜೊತೆ ಮಾತು ಅಂದರೆ ಕಾಫಿ, ಮಾತ್ರೆ, ಕರೆಂಟು ಬಂತಾ ಹೋಯ್ತಾ, ಇಷ್ಟೇ. ಅಂಥವರು ಬಿದ್ದಿದ್ದ ಹೂವಿನ ಪುಸ್ತಕ ಎತ್ತಿಕೊಂಡು, ಧೂಳು ಒರೆಸಿ, ಪೇಪರಿನೊಳಗೆ ಇಟ್ಟುಕೊಂಡು ಜಗಲಿಗೆ ಹೋದರು. ಊಟಕ್ಕೆ ಕರೆದರೂ ಬರಲಿಲ್ಲ.

ಗಂಡ ಸಂಜೆ ಬಂದು ನೋಡಿ ಗಾಬರಿಯಾದರು. "ಅಪ್ಪ ಹೆಣ್ಮಕ್ಕಳ ಪುಸ್ತಕ ಓದ್ತಿದಾರಲ್ಲೇ!"

"ಓದ್ಲಿ ಬಿಡ್ರೀ. ಕಳ್ಳಭಟ್ಟಿ ಏನಾದ್ರೂ ಕಾಯಿಸ್ತಿದಾರಾ?" ಅಂದೆ. ಸಾಗರದ ನನ್ನ ತವರಿನಲ್ಲಿ ವಾರಪತ್ರಿಕೆ ಬಂದ ಕೂಡಲೇ ಹೆಂಗಸರ ಧಾರಾವಾಹಿಯನ್ನು ಮೊದಲು ಓದುತ್ತಿದ್ದವರು ನಮ್ಮಪ್ಪ. ಕೇಳಿದರೆ ಕ್ರಿಕೆಟ್ ಸುದ್ದಿ ಹುಡುಕ್ತಿದ್ದೆ ಅನ್ನುತ್ತಿದ್ದರು. ಕ್ರಿಕೆಟ್ ಸುದ್ದಿ ಓದಿ ಕಣ್ಣೊರೆಸಿಕೊಳ್ಳುವ ಗಂಡಸನ್ನು ನಾನು ಬೇರೆಲ್ಲೂ ನೋಡಿಲ್ಲ.

ಅಂತೂ ಮನೆ ನಾಲ್ಕು ದಿನ ತಣ್ಣಗಿತ್ತು. ಅತ್ತೆಗೆ ಇಂಗ್ಲಿಷ್ ಬಾರದು, ಮಾವನಿಗೆ ಊರಿನ ಬೋರ್ಡು ಓದುವಷ್ಟು ಬರುತ್ತದೆ. ಇಬ್ಬರೂ ಚಿತ್ರ ನೋಡಿಕೊಂಡೇ ಕಥೆ ಕಟ್ಟಿಕೊಳ್ಳುತ್ತಿದ್ದರು. ಫಿಸಿಯೋ ಹುಡುಗ ಬಂದ ದಿನ ಅತ್ತೆ ಪುಸ್ತಕ ಅವನ ಮುಖಕ್ಕೆ ಹಿಡಿದರು.

"ನೋಡೋ. ಈ ಹುಡುಗ ಮೊದ್ಲು ಬೆಟ್ಟ ಸೀಳ್ತಾನೆ. ಆಮೇಲೆ ಬರ್ತಾ ಬರ್ತಾ ಕಂಡೋರ ಹತ್ರ ಎಲ್ಲ ಒದೆ ತಿಂತಾನೆ. ಕಡೆಗೆ ಕತ್ತಿ ಎತ್ತಕ್ಕೂ ಆಗ್ದೆ ಅಂಗಳದಲ್ಲಿ ಅಂಗಾತ ಬಿದ್ದಿರ್ತಾನೆ, ಅವನವ್ವ ಎಬ್ಬಿಸ್ತಿರ್ತಾಳೆ. ಅಂಥಾ ಜಟ್ಟಿಗೇ ಹಿಂಗಾದ್ರೆ ನಂದೆಂತದು? ಬಿಡು, ಎಲ್ಲಾರ್ದೂ ಇಷ್ಟೇ."

ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರು. ಅವತ್ತು ಹೆಬ್ಬೆರಳನ್ನೂ ಅಲ್ಲಾಡಿಸಲಿಲ್ಲ. ಹುಡುಗ ಪೆಚ್ಚುಮೋರೆ ಹಾಕಿಕೊಂಡು ಹೋದ. ನನಗೆ ಸಿಟ್ಟು ನೆತ್ತಿಗೇರಿತು. ಮಗಳಿಗೆ ಫೋನ್ ಹಚ್ಚಿದೆ.

"ಎಂಥಾ ದರಿದ್ರ ಪುಸ್ತಕ ತಂದಿಟ್ಟಿದೀಯೇ? ಆ ಕತ್ತಿ ಹುಡುಗ ಸೋತು ಸುಣ್ಣ ಆಗಿ ನಿಮ್ಮಜ್ಜಿ ಹಾಸಿಗೆ ಬಿಟ್ಟು ಏಳ್ತಿಲ್ಲ!"

"ಅಮ್ಮಾ, ಅವನು ಗೆಲ್ತಾನೆ!"

"ಎಲ್ಲಿ ಗೆಲ್ತಾನೆ? ಬಿದ್ದಿದ್ದು ನಾನೇ ಕಣ್ಣಾರೆ ನೋಡಿದೀನಿ. ಎಲ್ಲಾ ಬಚ್ಚಲೊಲೆಗೆ ಹಾಕ್ತೀನಿ ನೋಡ್ತಿರು" ಅಂತ ಅವಳ ಮಾತು ಕೇಳದೆ ಫೋನ್ ಕುಕ್ಕಿದೆ.

ಒಲೆಗೆ ಹಾಕುವ ಮೊದಲು ಮಾವನ ಹತ್ತಿರ ಇದ್ದಿದ್ದನ್ನೂ ಇಸ್ಕೊಂಡು ಬರೋಣ ಅಂತ ಜಗಲಿಗೆ ಹೋದರೆ, ಅವರು ಪುಸ್ತಕ ತೊಡೆಯ ಮೇಲಿಟ್ಟುಕೊಂಡು ರಸ್ತೆ ನೋಡುತ್ತಿದ್ದರು. ನಾನು ಕೇಳದೇ ಅವರೇ ಬಾಯಿಬಿಟ್ಟರು. ಹದಿನೆಂಟು ವರ್ಷದಲ್ಲಿ ನನ್ನ ಜೊತೆ ಅವರು ಆಡಿದ ಅತಿ ಉದ್ದದ ಮಾತು ಅದೇ.

"ಮೊದ್ಲು ಕೈ ಕೈ ಹಿಡ್ಕೊಂಡಿರ್ತಾವೆ. ಆಮೇಲೆ ದೂರ ದೂರ ಕೂರ್ತಾವೆ. ಆಮೇಲೆ ಬರೀ ಕದ್ದು ನೋಡೋದು. ಕಡೆಗೆ ಮುಖಪರಿಚಯನೂ ಇಲ್ದಂಗೆ ರಸ್ತೆಲಿ ಹಿಂದ್ ಮುಂದ್ ಹೋಗ್ತಾವೆ." "ಹಂಗೇ ಆಗೋದು, ಗೊತ್ತಾಗೋದಿಲ್ಲ" ಅಂದರು. ಆಮೇಲೆ ಹೆಗಲ ಮೇಲಿನ ಟವೆಲಿನಲ್ಲಿ ಮುಖ ಒರೆಸಿಕೊಂಡು, "ಅವಳು ಎದ್ದು ಓಡಾಡ್ಲಿಲ್ಲ ಅಂದ್ರೆ ನಂಗೆ ಈ ಮನೇಲಿ ಕಾಲೇ ಆಡಲ್ಲ ಕಣಮ್ಮ" ಅಂದರು.

ನನಗೆ ಅಳು ಬಂದರೆ ಬೈಗುಳವೂ ಜೊತೆಗೇ ಬರುತ್ತದೆ. "ಕಾಫಿ ಆರೋಗ್ತಿದೆ, ಕುಡೀಬಾರ್ದಾ!" ಅಂತ ಗದರಿ ಒಳಗೆ ಬಂದುಬಿಟ್ಟೆ. ಪುಸ್ತಕ ಇಸ್ಕೊಳ್ಳಲು ಬಾಯಿ ಬರಲಿಲ್ಲ.

ಮುಂದಿನ ಸಲ ಫಿಸಿಯೋ ಹುಡುಗ ಬಂದಾಗ ಮಾವ ಹಾಲಿನಲ್ಲೇ ಕುರ್ಚಿಯ ಮೇಲೆ ಕೂತು ಅದೇ ಪುಸ್ತಕವನ್ನು ಮತ್ತೆ ತೆರೆಯುತ್ತಿದ್ದರು. ಹುಡುಗ ಬ್ಯಾಗು ಇಳಿಸುತ್ತಾ ಒಂದು ಸಲ ಬಗ್ಗಿ ನೋಡಿದ.

"ಅಜ್ಜಾ, ಉಲ್ಟಾ ಹಿಡ್ಕೊಂಡಿದೀರಲ್ಲ! ಇದು ನಮ್ಮ ಪುಸ್ತಕದ ಹಂಗಲ್ಲ. ನಮಗೆ ಯಾವುದು ಕೊನೇ ಪುಟವೋ ಅವರಿಗೆ ಅದೇ ಮೊದಲನೇದು. ಬಲಗಡೆಯಿಂದ ಓದ್ಕೊಂಡು ಬರ್ಬೇಕು."

ನನ್ನ ಮಿಷನ್ನು ನಿಂತಿತು. "ನಿಂಗೆ ಹೆಂಗಪ್ಪಾ ಗೊತ್ತು? ಅದು ಹೆಣ್ಮಕ್ಕಳ ಪುಸ್ತಕ ಅಲ್ವಾ?"

ಅವನ ಕಿವಿ ಕೆಂಪಾಯಿತು. "ನಮ್ಮ ತಂಗಿ ಓದ್ತಾಳೆ ಅಕ್ಕಾ."

ತಂಗಿಯಂತೆ! ಅವರಮ್ಮ ತೀರ್ಥಹಳ್ಳಿಯಿಂದ ನನ್ನ ಹತ್ತಿರವೇ ಬ್ಲೌಸ್ ಹೊಲಿಸುವುದು. ಅವರಿಗಿರುವುದು ಎರಡೂ ಗಂಡು.

ಮಾವ ಪುಸ್ತಕವನ್ನು ಈ ಕಡೆ ಆ ಕಡೆ ತಿರುಗಿಸಿ ನೋಡಿದರು. "ಅಷ್ಟು ವರ್ಷ ಬಸ್ ಬಿಟ್ಟೋನು, ಇಡೀ ಪುಸ್ತಕ ರಿವರ್ಸಲ್ಲಿ ಹೊಡ್ಕೊಂಡ್ ಬಂದ್ನಾ?" ಅಂತ ಗೊಣಗಿದರು.

ನನಗೆ ಮಾತ್ರ ಖುಷಿಯಾಗಿ ಹೋಯ್ತು. ಅತ್ತೆಯ ಕಡೆ ತಿರುಗಿ, "ಕೇಳಿದ್ರಾ ಅತ್ತೆ? ನಿಮ್ಮ ಕತ್ತಿ ಹುಡುಗ ಬೀಳೋದು ಮೊದಲು! ಆಮೇಲೆ ಎದ್ದು, ಒದೆ ತಿಂದು, ಕಲಿತು, ಕಡೆಗೆ ಬೆಟ್ಟ ಸೀಳೋದು! ಏಳಿ ಮತ್ತೆ!" ಅಂದೆ.

ಅತ್ತೆ ಯೋಚನೆ ಮಾಡಿದರು. ನಾನೂ ಆ ಹುಡುಗನೂ ಅವರ ಕಾಲನ್ನೇ ನೋಡಿದೆವು.

"ಅವನ ಮಂಡಿಲಿ ಕಬ್ಬಿಣ ಇದ್ಯಾ?" ಅಂದರು.

"ಇಲ್ಲ ಅಜ್ಜಿ..."

"ಮತ್ತೆ ಅವನು ಏಳ್ದೇ ಎಂತ ಮಾಡ್ತಾನೆ? ಸುಮ್ನೆ ಕೂತ್ಕೋ."

ಮುಗೀತು. ಜಪಾನಿನವರ ಕೈಲೂ ಆಗಲಿಲ್ಲ. ನಾನು ಹಣೆ ಚಚ್ಚಿಕೊಂಡು ಬ್ಲೌಸಿನ ತೋಳಿಗೆ ಕೈ ಹಾಕಿದೆ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದೆ, ಇಲ್ಲದಿದ್ದರೆ ಅವತ್ತು ಅತ್ತೆ ಸೊಸೆ ಜಗಳ ಬಸ್ ಸ್ಟ್ಯಾಂಡಿಗೆ ಕೇಳುತ್ತಿತ್ತು.

ಮಾವ ಮಾತ್ರ ಇನ್ನೂ ಪುಸ್ತಕದಲ್ಲೇ ಇದ್ದರು. "ಹಂಗಾದ್ರೆ," ಅಂತ ಹುಡುಗನನ್ನು ಮೆಲ್ಲಗೆ ಕೇಳಿದರು, "ಇವರಿಬ್ಬರು ಕೈ ಹಿಡ್ಕೊಳ್ಳೋದು ಕಡೆಗಾ?"

"ಹೌದಜ್ಜಾ. ಅದೇ ಕ್ಲೈಮ್ಯಾಕ್ಸು. ಆ ಪುಟಕ್ಕೆ ಬರೋ ಹೊತ್ತಿಗೆ ನಂಗೆ... ನಮ್ಮ ತಂಗಿಗೆ ಅಳುನೇ ಬಂದ್ಬಿಡ್ತು."

ಮಾವ ಕನ್ನಡಕ ತೆಗೆದು ಜೇಬಿಗೆ ಹಾಕಿದರು. ಎದ್ದರು. ಮಂಚದ ಹತ್ತಿರ ಬಂದು ಅತ್ತೆಯ ಮುಂದೆ ನಿಂತು ಕೈ ಚಾಚಿದರು.

"ಬಾ" ಅಂದರು.

ಅತ್ತೆಗೆ ಮೊದಲು ಅರ್ಥವೇ ಆಗಲಿಲ್ಲ. ಮಾತ್ರೆ ಕೇಳುತ್ತಿದ್ದಾರೇನೋ ಅಂತ ತಲೆದಿಂಬಿನ ಪಕ್ಕ ತಡಕಾಡಿದರು. ಆಮೇಲೆ ಮುಖ ನೋಡಿದರು. ಮಾವ ಆ ಪುಸ್ತಕದಲ್ಲಿದ್ದವರ ಥರವೇ ಇಷ್ಟಗಲ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದರು. ಅತ್ತೆಯ ಮುಖಕ್ಕೆ ರಕ್ತ ನುಗ್ಗಿತು.

"ಥೂ! ಎಂತ ಬಂತು ಈ ಮುದುಕಂಗೆ! ಸೊಸೆ ಕೂತಿದಾಳೆ, ಆ ಹುಡುಗ ನಿಂತಿದಾನೆ, ಬಾಗಿಲು ಬೇರೆ ತೆಗೆದದೆ! ರಸ್ತೆಲಿ ಹೋಗೋರು ನೋಡಿದ್ರೆ ಎಂತ ಅಂದ್ಕೋತಾರೆ?"

ಮಾವ ಕೈ ಇಳಿಸಲಿಲ್ಲ. "ಬಾ" ಅಂದರು ಇನ್ನೊಂದು ಸಲ.

ಅತ್ತೆ ಅತ್ತ ನೋಡಿದರು, ಇತ್ತ ನೋಡಿದರು. ಗೋಡೆಗೆ ತಿರುಗಿದರೂ ಆ ಕೈ ಅಲ್ಲೇ ಇರುತ್ತದೆ. "ನಂಗೆ ಒಲೆ ಮೇಲೆ ಹಾಲಿದೆ" ಅಂದರು. ಒಲೆಯ ಮೇಲೆ ಹಾಲೂ ಇರಲಿಲ್ಲ, ನೀರೂ ಇರಲಿಲ್ಲ. ಸೆರಗು ಎಳೆದುಕೊಂಡು, ಕಾಲು ಕೆಳಗೆ ಬಿಟ್ಟು, ಮಂಚದ ಅಂಚು ಹಿಡಿದು ಎದ್ದರು. ಎದ್ದೇಬಿಟ್ಟರು ಮಾರಾಯ್ರೆ! ವಾಕರ್ ಕಡೆ ತಿರುಗಿಯೂ ನೋಡದೆ, ಆ ಕೈಯಿಂದ ತಪ್ಪಿಸಿಕೊಂಡರೆ ಸಾಕು ಅನ್ನುವ ಹಾಗೆ, "ನಾಚ್ಕೆ ಇಲ್ಲ, ಮಾನ ಇಲ್ಲ" ಅಂತ ಬೈಯುತ್ತಾ ಅಡುಗೆಮನೆಯ ಕಡೆ ಹೊರಟರು. ಹುಡುಗ "ಅಜ್ಜಿ!" ಅನ್ನಲು ಬಾಯಿ ತೆರೆದ. ನಾನು ಟೇಪು ಹಿಡಿದ ಕೈಯಿಂದಲೇ ಅವನ ಬಾಯಿ ಮುಚ್ಚಿದೆ. ಮಂಡಿ ಬಗ್ಗುತ್ತಿತ್ತು. ನೋಯುತ್ತಲೂ ಇತ್ತು, ಮುಖದಲ್ಲಿ ಕಾಣುತ್ತಿತ್ತು. ಆದರೆ ನೋವಿಗಿಂತ ನಾಚಿಕೆ ಜಾಸ್ತಿ ಇತ್ತು.

ಅಡುಗೆಮನೆಯ ಬಾಗಿಲು ಹಿಡಿದ ಮೇಲೆ ಅವರಿಗೆ ತಾನು ಎಲ್ಲಿ ನಿಂತಿದ್ದೇನೆ ಅನ್ನುವುದು ಗೊತ್ತಾಯಿತು. ಬೈಗುಳ ಅರ್ಧಕ್ಕೇ ನಿಂತಿತು. ಹಿಂದಕ್ಕೆ ತಿರುಗಿದರು. ಮಂಚ ಅಷ್ಟು ದೂರದಲ್ಲಿತ್ತು. ಮಾವ ಖಾಲಿ ಮಂಚದ ಮುಂದೆ ಕೈ ಚಾಚಿಕೊಂಡೇ ನಿಂತಿದ್ದರು, ಇಳಿಸುವುದಾ ಬೇಡವಾ ಗೊತ್ತಾಗದೆ. ಆಮೇಲೆ ಮೆಲ್ಲಗೆ ಇಳಿಸಲು ಹೊರಟರು.

"ಹಂಗೇ ಇರ್ಲಿ ಕೈ" ಅಂದರು ಅತ್ತೆ. "ನಾನು ವಾಪಸ್ ಬರ್ಬೇಕಲ್ಲ."