ಆಟೋದಿಂದ ಇಳಿಯದ ರಾಜ್ಯಪಾಲರು

ಬೆನ್ಸನ್ ಟೌನಿನಲ್ಲಿ ವಯಸ್ಸಾದ ಗಂಡ ಹೆಂಡತಿ ನನ್ನ ಆಟೋ ಹತ್ತಿದರು. ಕಂಟೋನ್ಮೆಂಟ್ ಸ್ಟೇಷನ್ ಮುಂದೆ ನಿಲ್ಲಿಸಿದೆ. ಅಮ್ಮ ಇಳಿದರು. ಯಜಮಾನರು ಕೂತೇ ಇದ್ದರು.

"ಇಳೀರಿ ಸಾರ್, ರೈಲು ಬಂದು ನಿಂತಿದೆ."

"ಬರಮಾಡಿಕೊಳ್ಳೋಕೆ ಯಾರೂ ಬಂದಿಲ್ಲವಲ್ಲ?"

ಅಮ್ಮ ನನ್ನನ್ನು ಪಕ್ಕಕ್ಕೆ ಕರೆದರು. "ಮೊನ್ನೆವರೆಗೂ ಬೇರೆ ರಾಜ್ಯದಲ್ಲಿ ರಾಜ್ಯಪಾಲರಾಗಿದ್ರಪ್ಪ. ಡಿ.ಸಿ., ಎಸ್.ಪಿ. ಬಂದು ನಿಂತ ಮೇಲೇ ಕಾರಿಂದ ಇಳೀತಿದ್ರು. ಈ ರೈಲು ತಪ್ಪಿದ್ರೆ ಮೊಮ್ಮಗಳ ಮದುವೆ ತಪ್ಪುತ್ತೆ. ಏನಾದ್ರೂ ಮಾಡು."

ಅಲ್ಲಿದ್ದ ಪೋರ್ಟರ್ ಒಬ್ಬನನ್ನು ಎಳೆತಂದು ನಿಲ್ಲಿಸಿದೆ. "ನಾನು ಡಿ.ಸಿ., ನೀನು ಎಸ್.ಪಿ. ಸೆಲ್ಯೂಟ್ ಹೊಡಿ."

"ತಲೆ ಕೆಟ್ಟಿದೆಯಾ ನಿಂಗೆ?" ಅಂದ. ಆದರೂ ಹೊಡೆದ.

ಹೂವಿನ ಗುಚ್ಛ ಎಲ್ಲಿಂದ ತರಲಿ? ಮನೆಗೆಂದು ಕೊಂಡಿದ್ದ ಕೊತ್ತಂಬರಿ ಕಟ್ಟು ಕೊಟ್ಟೆ. ಯಜಮಾನರು ಗಂಭೀರವಾಗಿ ಇಳಿದು ಅದನ್ನು ತೆಗೆದುಕೊಂಡರು. ನೋಡದೆಯೇ ಪೋರ್ಟರ್ ಕೈಗೆ ದಾಟಿಸಿದರು.

"ಜಿಲ್ಲೆಯಲ್ಲಿ ಮಳೆ ಬೆಳೆ ಹೇಗಿದೆ?"

"ಚೆನ್ನಾಗಿದೆ ಸಾರ್, ಬೇಗ ನಡೀರಿ."

ಅಂತೂ ಬೋಗಿ ಹತ್ತಿಸಿದೆವು. ಅವರು ಬಾಗಿಲಲ್ಲಿ ನಮ್ಮ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡರು. "ಮಾನ್ಯ ಸದಸ್ಯರೇ, ನನ್ನ ಸರ್ಕಾರವು..."

ಅಡ್ಡಿಪಡಿಸಲು ಅಲ್ಲಿ ವಿರೋಧ ಪಕ್ಷ ಇರಲಿಲ್ಲ. ಆ ಕೆಲಸವನ್ನು ರೈಲೇ ಮಾಡಿತು.