ಕಾಲು ಮೇಲಾದ ಆನೆಗಳು

ನಿನ್ನ ಗುಣವೇನು ಎಂದು ಯಾರಾದರೂ ಕೇಳಿದರೆ ನನಗೆ ಬೈಗುಳಗಳೇ ನೆನಪಾಗುತ್ತವೆ. ಮೊಂಡಿ, ಸಿಡುಕಿ, ಹಿಡಿದದ್ದು ಬಿಡದವಳು. ಎಲ್ಲವೂ ನಮ್ಮ ಅವ್ವ ಕೊಟ್ಟ ಬಿರುದುಗಳು. ಓದಿದ್ದು ಏಳನೇ ಇಯತ್ತೆ. ಹದಿನೈದು ವರ್ಷ ನೇಸರಗಿಯ ಮನೆಯ ಪಡಸಾಲೆಯಲ್ಲಿ ಹೊಲಿಗೆ ಮಷಿನ್ ತುಳಿದಿದ್ದೆ. ಬೈಲಹೊಂಗಲದ ಹೊಲಿಗೆ ತರಬೇತಿ ಕೇಂದ್ರದಲ್ಲಿ ಕಲಿಸುವ ಅಕ್ಕೋರ ಕೆಲಸ ಖಾಲಿ ಇದೆ ಎಂದು ಗೊತ್ತಾದಾಗ ಅರ್ಜಿ ಹಾಕಿಯೇಬಿಟ್ಟೆ. ಆ ಕೆಲಸ ನನಗೆ ಬೇಕೇ ಬೇಕಿತ್ತು.

ಸಂದರ್ಶನದ ದಿನ ಕೇಂದ್ರದ ಮುಖ್ಯಸ್ಥೆ, "ನಿಮ್ಮೊಳಗಿನ ಛಲೋ ಗುಣ ಹೇಳ್ರಿ" ಎಂದರು. ನನಗಿಂತ ಮುಂಚಿನವಳು ತಾಳ್ಮೆ, ವಿನಯ ಎಂದು ಪಟಪಟ ಒಪ್ಪಿಸಿದ್ದಳು.

"ತಾಳ್ಮಿ ಅಂತೂ ಇಲ್ರಿ, ಮೇಡಂ" ಎಂದೆ.

ಆಮೇಲೆ ಎಲ್ಲರಿಗೂ ಒಂದೊಂದು ರವಿಕೆ ಖಣ ಕೊಟ್ಟು ಕುಬಸ ಹೊಲಿಯಲು ಹೇಳಿದರು. ಖಣದ ಎರಡೂ ಬದಿಗೆ ಅಂಚು, ನಡುವೆಲ್ಲ ಒಂದೇ ಅಂಚಿನತ್ತ ಕಾಲು ಮಾಡಿ ನಿಂತ ಪುಟ್ಟ ಆನೆಗಳ ಸಾಲು. ಅವಸರದಲ್ಲಿ ಒಂದು ತೋಳನ್ನು ಆ ಅಂಚಿನಿಂದ, ಇನ್ನೊಂದನ್ನು ಈ ಅಂಚಿನಿಂದ ಕತ್ತರಿಸಿ, ಎಲ್ಲರಿಗಿಂತ ಮೊದಲು ಹೊಲಿದುಕೊಟ್ಟೆ. ಮೇಡಂ "ಭಾಳ ನೀಟ ಐತಿ" ಎಂದು ಅಂಕ ಬರೆದರು. ಆಗ ನನ್ನ ಕಣ್ಣಿಗೆ ಬಿತ್ತು. ಬಲತೋಳಿನ ಆನೆಗಳು ನೆಟ್ಟಗೆ ನಡೆದಿದ್ದವು, ಎಡತೋಳಿನವು ಕಾಲು ಮೇಲೆ ಮಾಡಿದ್ದವು. ಅಯ್ಯ ಶಿವನೇ!

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಕುಬಸವನ್ನು ಮೇಜಿನಿಂದ ಕಸಿದುಕೊಂಡೆ.

"ಏನ್ ಮಾಡಾಕತ್ತೀರಿ? ಪಾಸ್ ಆಗೀರಿ, ಬಿಡ್ರಿ!"

"ಆನಿ ಕಾಲ ಮ್ಯಾಲ ಮಾಡ್ಯಾವ್ರಿ. ನಾಳೆ ಹುಡುಗ್ಯಾರಿಗೆ ಹಿಂಗ ಕಲಿಸಲೇನ್ರಿ?"

"ಟೈಮ್ ಮುಗದೈತಿ. ಬಿಚ್ಚಿದ್ರ ಮಾರ್ಕ್ಸ್ ಹೊಡದ ಹಾಕ್ತೇನಿ ನೋಡ್ರಿ."

"ಹೊಡೀರಿ" ಎಂದೆ. ಅವರು ಅಂಕದ ಮೇಲೆ ಗೀಟು ಎಳೆದರು.

ಸಿಟ್ಟು ಉಕ್ಕಿತ್ತು, ಅವರ ಮೇಲಲ್ಲ, ನನ್ನ ಮೇಲೆ. ಎಡತೋಳು ಬಿಚ್ಚಿದೆ. ಬಲತೋಳು ತೆಗೆದ ಅಂಚಿನಲ್ಲೇ ಉಳಿದಿದ್ದ ಬಟ್ಟೆಯಿಂದ ಹೊಸ ತೋಳು ಕತ್ತರಿಸಿದೆ. ಬಟ್ಟೆ ಸಾಲಲಿಲ್ಲ. ಕಂಕುಳಲ್ಲಿ ಕಾಣದ ಹಾಗೆ ತುಂಡು ಕೂಡಿಸಿದೆ. ಉಳಿದವರೆಲ್ಲ ಬಸ್ ಹಿಡಿಯಲು ಹೋದರು, ಸಿಪಾಯಿ ಬಂದು ಕಿಟಕಿ ಮುಚ್ಚತೊಡಗಿದ. ಕೆಲಸ ಹೋಯಿತು ಎಂದೇ ಅಂದುಕೊಂಡಿದ್ದೆ. ಆದರೂ ಕೊನೆಯ ದಾರ ಹಲ್ಲಿನಿಂದ ಕಡಿಯುವಾಗ ನನ್ನ ಬಗ್ಗೆ ನನಗೇ ಹೆಮ್ಮೆಯೆನಿಸಿತು. ಇಷ್ಟು ವರ್ಷ ಬೈಸಿಕೊಂಡ ಮೊಂಡುತನವೇ ನನ್ನ ದೊಡ್ಡ ಆಸ್ತಿ ಎಂದು ಅವತ್ತು ತಿಳಿಯಿತು.

ಮೇಡಂ ಎರಡೂ ತೋಳು ಜೋಡಿಸಿ ನೋಡಿದರು. ತುಂಡು ಕೂಡಿಸಿದ ಜಾಗ ಹುಡುಕಿದರು, ಸಿಗಲಿಲ್ಲ. ನಾನೇ ತೋರಿಸಿದೆ. ಹೊಡೆದುಹಾಕಿದ್ದ ಅಂಕದ ಪಕ್ಕದಲ್ಲಿ ಏನೋ ಬರೆದರು.

"ಈ ತಪ್ಪು ನನ್ನ ಕಣ್ಣಿಗೇ ಬೀಳಲಿಲ್ಲ ನೋಡ್ರಿ" ಎಂದರು. "ಸೋಮವಾರದಿಂದ ಬರ್ರಿ, ಅಕ್ಕೋರ. ಮದಲನೇ ಪಾಠ ಈ ತೋಳಿಂದ ಹೇಳ್ರಿ. ಹುಡುಗ್ಯಾರ ಜೋಡಿ ನಾನೂ ಕುಂದರತೇನಿ."