ಕಾಲುಂಗುರಕ್ಕೂ ಜಾಗವಿದ್ದ ಬೂಟು

ಬೂಟು ಕೆಟ್ಟದ್ದು ನನ್ನ ಕಾಲುಂಗುರದಿಂದ. ಚೈತ್ರಳ ಕೆಲಸದಲ್ಲಿ ಏನೂ ತಪ್ಪಿರಲಿಲ್ಲ. ಯಾರು ಏನೇ ಅನ್ನಲಿ, ನಡೆದದ್ದು ಇಷ್ಟೇ.

ಚೈತ್ರ ನನ್ನ ಮೊಮ್ಮಗಳು, ಡಿಸೈನ್ ಓದುತ್ತಾಳೆ. ಕೊನೇ ವರ್ಷದ ಕೆಲಸಕ್ಕೆ ಅವಳು ಆರಿಸಿಕೊಂಡದ್ದು ಹಿಮದ ಮೇಲೆ ಜಾರುವವರು ಹಾಕುವ ಸ್ಕೀ ಬೂಟು. ವಿದ್ಯಾರಣ್ಯಪುರಂನಲ್ಲಿ ನಾವು ಕಂಡ ಹಿಮ ಅಂದರೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟುವುದು. ಅದನ್ನೂ ನಾನು ಕೆರೆದು ಎಸೆಯುತ್ತೇನೆ.

ಆ ಬೂಟು ಕಲ್ಲಿನಷ್ಟು ಗಟ್ಟಿಯಂತೆ. ಒಳಗೆ ಕಾಲು ಅಲುಗಿದರೆ ಜಾರುವವನು ಬೀಳುತ್ತಾನೆ. ಅಲುಗದಂತೆ ಬಿಗಿದರೆ ಬೆರಳು ಸಾಯುತ್ತದೆ. ಒಂದು ಕಡೆ ಸೀಳಿದರೆ ಇಡೀ ಬೂಟು ಕಸಕ್ಕೆ. ಇವಳು ಅಂಟು ಹಾಕದೆ ಬರೀ ತಿರುಪಿನಲ್ಲಿ ಕೂಡಿಸಿ, ಒಳಗೆ ಹಳೇ ಕಂಬಳಿಯ ಉಣ್ಣೆ ಕೊಟ್ಟು, ಸವೆದ ಭಾಗ ಮಾತ್ರ ಬದಲಿಸುವಂಥದ್ದು ಮಾಡಲು ಹೊರಟಳು. ಬಲಗಾಲಿನದು ಒಂದು ಮಾಡಿದರೆ ಸಾಕಂತೆ. ಅಚ್ಚಿಗೆ ನನ್ನ ಕಾಲೇ ಬೇಕೆಂದಳು. ಯಾಕೇ ಅಂತ ಕೇಳಿದರೆ, "ಇಷ್ಟು ಸೊಟ್ಟ ಕಾಲಿಗೆ ಹಿತವಾದರೆ ಯಾರಿಗಾದರೂ ಹಿತ ಕಣಜ್ಜಿ."

ಸಿಟ್ಟು ಬರಲಿಲ್ಲ. ಹಬ್ಬ ಬಂದರೆ ನನ್ನ ಕಾಲಿಗೆ ಬೀಳುವವರು ಬೇಕಾದಷ್ಟು ಜನ. ಬೀಳುತ್ತಾರೆ, ಏಳುತ್ತಾರೆ, ಒಬ್ಬಟ್ಟು ತಿನ್ನುತ್ತಾರೆ. ಕಾಲನ್ನು ನೋಡಿದವರು ಯಾರೂ ಇಲ್ಲ. ಈ ಹುಡುಗಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಎಲ್ಲಿ ಒತ್ತುತ್ತೆ, ಎಲ್ಲಿ ಉರಿಯುತ್ತೆ ಅಂತ ಬೆರಳು ಬೆರಳಿಗೂ ಕೇಳಿದಳು. ಡಾಕ್ಟರೂ ಅಷ್ಟು ಕೇಳಿದವರಲ್ಲ. ನನಗೆ ಅಷ್ಟೇ ಸಾಕಾಗಿತ್ತು. ಬೂಟು ಆಮೇಲಿನ ಮಾತು.

ಕಾಲುಂಗುರ ತೆಗಿ ಅಂದಳು. ಗಂಡ ಗಟ್ಟಿಮುಟ್ಟಾಗಿ ವರಾಂಡದಲ್ಲಿ ಪೇಪರ್ ಓದುತ್ತಿರುವಾಗ ತೆಗೆಯೋದೆಂಗೆ? ಆಗಲ್ಲ ಅಂದೆ. ಉಂಗುರದ ಸಮೇತ ಅಚ್ಚು ತೆಗೆದಳು.

ಬೂಟು ನನಗೆ ತೊಟ್ಟಿಲಿನ ಹಾಗೆ ಹಿತವಾಗಿತ್ತು. ಕಾಲೇಜಿನಲ್ಲಿ ಬೇರೆ ಹುಡುಗಿ ಹಾಕಿಕೊಂಡಾಗ, ಉಂಗುರಕ್ಕೆಂದು ಬಿದ್ದಿದ್ದ ಗುಳಿಯಲ್ಲಿ ಉಣ್ಣೆ ಮಡಿಚಿಕೊಂಡು ಬೆರಳು ಕಚ್ಚಿತು. ಇದು ನಿಮ್ಮಜ್ಜಿ ಒಬ್ಬರಿಗೇ ಆಗುವ ಬೂಟು, ಸರಿಮಾಡಿ ತರದಿದ್ದರೆ ಪಾಸಿಲ್ಲ ಅಂದರಂತೆ ಮೇಷ್ಟ್ರು. ಚೈತ್ರ ಊಟ ಬಿಟ್ಟು ಕೂತಳು. ನಮ್ಮೆಜಮಾನರು ಸಮಾಧಾನ ಹೇಳುವ ಬದಲು, "ಹಿಮಾನೇ ನೋಡ್ದೇ ಇರೋಳಿಗೆ ಇದೆಲ್ಲ ಯಾಕಮ್ಮ, ಬುಟ್ಬುಡು" ಅಂದರು.

ಅಚ್ಚಿನ ಉಬ್ಬನ್ನು ಉಜ್ಜಿ ಹಾಕೇ ಅಂದೆ ನಾನು.

"ಉಂಗುರದ ಕೆಳಗೆ ನಿನ್ನ ಬೆರಳು ಎಂಗಿದೆ ಅಂತ ನಂಗೇನು ಗೊತ್ತು?"

ನನಗೂ ಗೊತ್ತಿರಲಿಲ್ಲ. ಮದುವೆಯಾದ ಮೇಲೆ ನೋಡಿದ್ದರೆ ತಾನೆ. ಆದರೂ ಅವಳು ಇನ್ನೊಂದು ಸಲ ತೆಗಿ ಅನ್ನಲಿಲ್ಲ.

ಮಾರನೇ ಬೆಳಿಗ್ಗೆ ಸೋಪು ಹಚ್ಚಿ, ತಿರುವಿ ತಿರುವಿ, ಬಲಗಾಲಿನ ಉಂಗುರ ಕಿತ್ತೆ. ಪೇಪರ್ ಹಿಡಿದು ಕೂತಿದ್ದ ಯಜಮಾನರ ಅಂಗೈಗೆ ಅದನ್ನು ಹಾಕಿ, "ಅಚ್ಚು ಒಣಗೋವರೆಗೂ ಸಾಯ್ಬೇಡಿ" ಅಂತ ಹೇಳಿ, ಚೈತ್ರಳ ಮುಂದೆ ಕಾಲು ನೀಡಿ ಕೂತೆ.